ಕೆನಡಾದ ಫ್ರೆಂಚ್: ಪ್ರಾದೇಶಿಕ ಪ್ರಭೇದಗಳು ಮತ್ತು ಸರ್ಕಾರಿ ಹುದ್ದೆಗಳ ದ್ವಿಭಾಷಾ ಅರ್ಹತೆ

ಕೆನಡಾದ ಫ್ರೆಂಚ್ ಎಂಬುದು ಹದಿನೇಳನೆಯ ಶತಮಾನದ ಆದಿಭಾಗದಿಂದ ಉತ್ತರ ಅಮೆರಿಕದ ಈಶಾನ್ಯ ತೀರದಲ್ಲಿಯೂ ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿಯೂ ನೆಲೆಸಿದ ಫ್ರೆಂಚ್ ವಲಸೆಗಾರರ ಮಾತಿನಿಂದ ಬೆಳೆದುಬಂದು, ಇಂದು ಕೆನಡಾ ದೇಶದಲ್ಲಿ ಇಂಗ್ಲಿಷಿನೊಡನೆ ಸಮಾನವಾದ ಅಧಿಕೃತ ಸ್ಥಾನವನ್ನು ಪಡೆದಿರುವ ಭಾಷಾಪ್ರಭೇದಗಳ ಸಮೂಹಕ್ಕೆ ಸಲ್ಲುವ ಹೆಸರು. ಈ ಪ್ರಭೇದಗಳು ಧ್ವನಿ, ವ್ಯಾಕರಣ, ಶಬ್ದಸಂಪತ್ತು ಈ ಮೂರರಲ್ಲಿಯೂ ಒಂದಕ್ಕಿಂತ ಒಂದು ಭಿನ್ನವಾಗಿದ್ದರೂ ದೇಶದ ಕಾನೂನು ಅವೆಲ್ಲವನ್ನೂ ಫ್ರೆಂಚ್ ಎಂಬ ಒಂದೇ ಹೆಸರಿನಿಂದ ಗುರುತಿಸುತ್ತದೆ. ಒಕ್ಕೂಟ ಸರ್ಕಾರದ ದ್ವಿಭಾಷಾ ಹುದ್ದೆಗಳಿಗೆ ವಿಧಿಸಿರುವ ಅರ್ಹತೆಯೂ ಯಾವ ಪ್ರಾಂತ್ಯದ ಮಾತು ಎಂಬುದನ್ನು ಅವಲಂಬಿಸದೆ, ಆ ಭಾಷೆಯಲ್ಲಿ ಅಭ್ಯರ್ಥಿಯು ಯಾವ ಕಾರ್ಯವನ್ನು ನಿರ್ವಹಿಸಬಲ್ಲನೆಂಬುದನ್ನು ಅವಲಂಬಿಸಿದೆ.

ಈ ಲೇಖನದಲ್ಲಿ ‘ಪ್ರಭೇದ’ವೆಂದರೆ ಒಂದು ಪ್ರದೇಶದ ಜನ ಆಡುವ ಫ್ರೆಂಚಿನ ರೂಪ, ‘ಮಾನಕ ಫ್ರೆಂಚ್’ ಎಂದರೆ ಶಾಲೆ, ಪತ್ರಿಕೆ, ಶಾಸನಗಳಲ್ಲಿ ಬಳಕೆಯಾಗುವ ಲಿಖಿತ ರೂಪ, ‘ಒಕ್ಕೂಟ ಸರ್ಕಾರ’ವೆಂದರೆ ಒಟ್ಟಾವಾದಲ್ಲಿ ಕೇಂದ್ರವುಳ್ಳ ಕೆನಡಾದ ರಾಷ್ಟ್ರೀಯ ಸರ್ಕಾರ, ‘ದ್ವಿಭಾಷಾ ಹುದ್ದೆ’ ಎಂದರೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರ ಜ್ಞಾನವೂ ನಿಯಮಾನುಸಾರ ಅಗತ್ಯವಾಗಿರುವ ಹುದ್ದೆ.

ಉಗಮ

1604ರಲ್ಲಿ ಸೇಂಟ್ ಕ್ರಾಯ್ ದ್ವೀಪದಲ್ಲಿಯೂ ಮರುವರ್ಷ ಪೋರ್ಟ್ ರಾಯಲ್‌ನಲ್ಲಿಯೂ ಫ್ರೆಂಚರು ಹೂಡಿದ ನೆಲೆಗಳಿಂದ ಅಕೇಡಿಯ ಎಂಬ ವಸಾಹತು ಹುಟ್ಟಿತು. 1608ರಲ್ಲಿ ಶಾಂಪ್ಲೇನ್ ಎಂಬ ನಾವಿಕನು ಸ್ಥಾಪಿಸಿದ ಕ್ವೆಬೆಕ್ ಪಟ್ಟಣದಿಂದ ಸೇಂಟ್ ಲಾರೆನ್ಸ್ ಕಣಿವೆಯ ವಸಾಹತು ಬೆಳೆಯಿತು. ಇಂದಿನ ಪ್ರಾದೇಶಿಕ ಭೇದಗಳಲ್ಲಿ ಪ್ರಧಾನವಾದ ಕ್ವೆಬೆಕ್-ಅಕೇಡಿಯ ಭೇದಕ್ಕೆ ಈ ಎರಡು ಪ್ರತ್ಯೇಕ ನೆಲೆಗಳೇ ಮೂಲ. ಅಕೇಡಿಯಕ್ಕೆ ಬಂದವರಲ್ಲಿ ಫ್ರಾನ್ಸಿನ ಪಶ್ಚಿಮ ಭಾಗದ, ವಿಶೇಷವಾಗಿ ಪ್ವಾತು ಪ್ರದೇಶದ, ಕುಟುಂಬಗಳು ಹೆಚ್ಚು. ಕ್ವೆಬೆಕ್ಕಿಗೆ ಬಂದವರು ನಾರ್ಮಂಡಿ, ಪೆರ್ಶ್, ಪ್ಯಾರಿಸಿನ ಸುತ್ತಣ ಸೀಮೆ, ಪ್ವಾತು, ಸೆಂತೋಂಜ್ ಮೊದಲಾದ ಹಲವು ಕಡೆಗಳಿಂದ ಬಂದವರು.

ಆ ಕಾಲದ ಫ್ರಾನ್ಸಿನಲ್ಲಿ ಹಳ್ಳಿಗಾಡಿನ ಜನ ತಮ್ಮ ತಮ್ಮ ಸೀಮೆಯ ಮಾತನ್ನೇ ಆಡುತ್ತಿದ್ದರೂ, ನಾನಾ ಸೀಮೆಗಳಿಂದ ಬಂದವರು ಒಂದೇ ಊರಿನಲ್ಲಿ ನೆಲೆಸಬೇಕಾಗಿ ಬಂದ ಕ್ವೆಬೆಕ್ ವಸಾಹತಿನಲ್ಲಿ ಪ್ಯಾರಿಸಿನ ಮಾತಿಗೆ ಸಮೀಪವಾದ ಒಂದು ಸಾಮಾನ್ಯ ರೂಪವು ಬಹುಬೇಗ ಬಳಕೆಗೆ ಬಂದಿತು. 1663ರಿಂದ 1673ರವರೆಗೆ ಫ್ರಾನ್ಸಿನ ದೊರೆಯ ಖರ್ಚಿನಲ್ಲಿ ಅಲ್ಲಿಗೆ ಕಳುಹಿಸಲ್ಪಟ್ಟ ಸುಮಾರು ಎಂಟುನೂರು ಮಂದಿ ಅವಿವಾಹಿತ ಯುವತಿಯರಲ್ಲಿ ಅನೇಕರು ಪ್ಯಾರಿಸ್ ಕಡೆಯವರಾಗಿದ್ದು, ಅವರು ತಾಯಂದಿರಾಗಿ ಮಕ್ಕಳಿಗೆ ಕಲಿಸಿದ ಮಾತು ಈ ಏಕರೂಪತೆಗೆ ನೆರವಾಯಿತು.

1713ರ ಉಟ್ರೆಕ್ಟ್ ಒಪ್ಪಂದದಿಂದ ಅಕೇಡಿಯದ ಮುಖ್ಯಭಾಗವೂ 1763ರ ಪ್ಯಾರಿಸ್ ಒಪ್ಪಂದದಿಂದ ಉಳಿದ ಕೆನಡಾವೂ ಬ್ರಿಟಿಷರ ವಶವಾದವು. ಈ ನಡುವೆ 1755ರಿಂದ ಆರಂಭಿಸಿ ಬ್ರಿಟಿಷ್ ಅಧಿಕಾರಿಗಳು ಅಕೇಡಿಯನ್ನರನ್ನು ಅವರ ಹೊಲಮನೆಗಳಿಂದ ಎಬ್ಬಿಸಿ ಗಡೀಪಾರು ಮಾಡಿದರು. ಅವರಲ್ಲಿ ಕೆಲವರು ಲೂಯಿಸಿಯಾನವನ್ನು ಸೇರಿದರು, ಕೆಲವರು ಬಹುಕಾಲದ ಅನಂತರ ಹಿಂದಿರುಗಿ ನ್ಯೂ ಬ್ರನ್ಸ್‌ವಿಕ್ ಮತ್ತು ನೋವಾ ಸ್ಕೋಷಿಯಗಳ ಕಡಲತಡಿಯಲ್ಲಿ ಚದರಿದ ಹಳ್ಳಿಗಳನ್ನು ಕಟ್ಟಿಕೊಂಡರು. ಫ್ರಾನ್ಸಿನೊಡನೆ ಸಂಪರ್ಕ ಕಡಿದುಹೋದುದರಿಂದ, ಅಲ್ಲಿಯ ಮಹಾಕ್ರಾಂತಿಯ ಅನಂತರ ಪ್ಯಾರಿಸಿನಲ್ಲಿ ಬಳಕೆಗೆ ಬಂದ ಹೊಸ ಉಚ್ಚಾರಣೆಗಳು ಕೆನಡಾವನ್ನು ಕೂಡಲೆ ಮುಟ್ಟಲಿಲ್ಲ. ‘ನಾನು’, ‘ನೀನು’ ಎಂಬ ಅರ್ಥದ ಸರ್ವನಾಮಗಳು ಪ್ಯಾರಿಸಿನಲ್ಲಿ ‘ಮ್ವಾ’, ‘ತ್ವಾ’ ಎಂದು ಮಾರ್ಪಟ್ಟ ಮೇಲೂ ಕೆನಡಾದ ಗ್ರಾಮಾಂತರಗಳಲ್ಲಿ ‘ಮ್ವೆ’, ‘ತ್ವೆ’ ಎಂಬ ಹಳೆಯ ರೂಪಗಳೇ ಉಳಿದುಕೊಂಡುದು ಇದಕ್ಕೆ ನಿದರ್ಶನ.

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ವೆಬೆಕ್ಕಿನ ಜನ ಭೂಮಿಯನ್ನೂ ಗಣಿ, ಕಾಡುಮರ, ರೈಲುಗಳ ಕೆಲಸವನ್ನೂ ಅರಸಿ ಒಂಟಾರಿಯೊ ಪ್ರಾಂತ್ಯದ ಪೂರ್ವ ಮತ್ತು ಉತ್ತರ ಭಾಗಗಳಿಗೂ, ಮ್ಯಾನಿಟೋಬ ಮತ್ತು ಅದರಾಚೆಯ ಹುಲ್ಲುಗಾವಲಿನ ಪ್ರಾಂತ್ಯಗಳಿಗೂ ಹರಡಿದರು. ಪಶ್ಚಿಮದ ಪ್ರಭೇದಗಳು ಬಹುಮಟ್ಟಿಗೆ ಕ್ವೆಬೆಕ್ ಫ್ರೆಂಚಿನ ಶಾಖೆಗಳಾಗಿರುವುದು ಈ ಕಾರಣದಿಂದಲೇ.

ಪ್ರಾದೇಶಿಕ ಪ್ರಭೇದಗಳು

ಲಾರೆನ್ಶಿಯನ್ ಫ್ರೆಂಚ್. ಸೇಂಟ್ ಲಾರೆನ್ಸ್ ಕಣಿವೆಯಲ್ಲಿ ರೂಪುಗೊಂಡು ಕ್ವೆಬೆಕ್, ಒಂಟಾರಿಯೊ ಮತ್ತು ಪಶ್ಚಿಮ ಪ್ರಾಂತ್ಯಗಳಲ್ಲಿ ಹಬ್ಬಿರುವ ಈ ಪ್ರಭೇದವೇ ಮಾತನಾಡುವವರ ಸಂಖ್ಯೆಯಿಂದ ಅತ್ಯಂತ ದೊಡ್ಡದು. ಇಕಾರದ ಮುಂದೆಯೂ ತುಟಿಗಳನ್ನು ದುಂಡಾಗಿಸಿ ನುಡಿಯುವ ಇಕಾರದ ಮುಂದೆಯೂ ಬರುವ ತಕಾರ ದಕಾರಗಳು ‘ತ್ಸ’, ‘ದ್ಜ’ ಎಂದಾಗುವುದು ಇದರ ಪ್ರಮುಖ ಲಕ್ಷಣ. ‘ಹೇಳು’ ಎಂಬರ್ಥದ ‘ದೀರ್’ ಎಂಬ ಕ್ರಿಯಾಪದವು ಮಾಂಟ್ರಿಯಲ್‌ನಲ್ಲಿ ‘ದ್ಜೀರ್’ ಎಂದು ಕೇಳಿಸುತ್ತದೆ. ಪ್ಯಾರಿಸಿನಲ್ಲಿ ಬಹುಮಟ್ಟಿಗೆ ಅಳಿದುಹೋಗಿರುವ ಹ್ರಸ್ವ ದೀರ್ಘಗಳ ಭೇದ ಇಲ್ಲಿ ಜೀವಂತವಾಗಿದೆ: ‘ಪತ್’ ಎಂದರೆ ಪ್ರಾಣಿಯ ಪಾದ, ‘ಪಾತ್’ ಎಂದರೆ ನಾದಿದ ಹಿಟ್ಟು. ದೀರ್ಘಸ್ವರಗಳು ಸಂಧ್ಯಕ್ಷರಗಳಾಗಿ ಒಡೆಯುವುದೂ ಸಾಮಾನ್ಯ. ‘ತಂದೆ’ ಎಂಬರ್ಥದ ‘ಪೇರ್’ ಆಡುಮಾತಿನಲ್ಲಿ ‘ಪಾಯ್ರ್’ ಎಂಬುದಕ್ಕೆ ಹತ್ತಿರವಾಗುತ್ತದೆ. ಹೌದು ಅಲ್ಲವೆಂಬ ಉತ್ತರವನ್ನು ಬೇಡುವ ಪ್ರಶ್ನೆಗಳಲ್ಲಿ, ಕರ್ತೃ ಯಾರೇ ಆಗಿರಲಿ, ಕ್ರಿಯಾಪದದ ಕೊನೆಗೆ ‘ತ್ಯು’ ಎಂಬ ಪ್ರಶ್ನಾರ್ಥಕ ಪ್ರತ್ಯಯವನ್ನು ಸೇರಿಸುವುದು ವ್ಯಾಕರಣದಲ್ಲಿ ಎದ್ದುಕಾಣುವ ವಿಶೇಷ.

ಶಬ್ದಸಂಪತ್ತಿನಲ್ಲಿ ಮೂರು ಪದರಗಳಿವೆ. ಮೊದಲನೆಯದು ಹಳೆಯ ಫ್ರೆಂಚಿನ ಉಳಿಕೆ: ಬೆಳಗಿನ, ಮಧ್ಯಾಹ್ನದ, ರಾತ್ರಿಯ ಊಟಗಳನ್ನು ಕ್ವೆಬೆಕ್ಕಿನವರು ಅನುಕ್ರಮವಾಗಿ ‘ದೆಜ್ಯುನೆ’, ‘ದಿನೆ’, ‘ಸುಪೆ’ ಎನ್ನುತ್ತಾರೆ, ಪ್ಯಾರಿಸಿನಲ್ಲಿ ‘ದೆಜ್ಯುನೆ’ ಮಧ್ಯಾಹ್ನದ ಊಟ, ‘ದಿನೆ’ ರಾತ್ರಿಯದು, ಆದುದರಿಂದ ‘ದಿನೆ’ಯ ವೇಳೆಗೆ ಸಭೆ ಎಂದು ಬರೆದ ಪತ್ರವನ್ನು ಇಬ್ಬರು ಎರಡು ಬಗೆಯಾಗಿ ಗ್ರಹಿಸುವ ಸಂಭವವುಂಟು. ಎರಡನೆಯದು ಮೂಲನಿವಾಸಿಗಳ ಭಾಷೆಗಳಿಂದ ಬಂದ, ಬಹುತೇಕ ಸಸ್ಯ ಪ್ರಾಣಿಗಳ ಹೆಸರುಗಳು: ‘ವಾವಾರೋನ್’ ಎಂಬ ದೊಡ್ಡ ಕಪ್ಪೆ, ‘ಮಸ್ಕಿನೋಂಜೆ’ ಎಂಬ ಮೀನು. ಮೂರನೆಯದು ಇಂಗ್ಲಿಷಿನ ಸಂಪರ್ಕದಿಂದ ಬಂದ ಎರವಲುಗಳು ಮತ್ತು ಅವನ್ನು ತಡೆಯಲೆಂದು ಟಂಕಿಸಿದ ನವಶಬ್ದಗಳು: ಇಮೇಲಿಗೆ ‘ಕುರ್ಯೆಲ್’, ವಾರಾಂತ್ಯಕ್ಕೆ ‘ಫೆನ್ ದ ಸಮೇನ್’. ಫ್ರಾನ್ಸಿನಲ್ಲಿ ‘ಸ್ಟಾಪ್’ ಎಂದಿರುವ ರಸ್ತೆಯ ಫಲಕವು ಕ್ವೆಬೆಕ್ಕಿನಲ್ಲಿ ‘ಅರೆ’ ಎಂದಿರುವುದು ಈ ಮೂರನೆಯ ಪ್ರವೃತ್ತಿಯ ಫಲ.

ಮಾಂಟ್ರಿಯಲ್ ನಗರದ ದುಡಿಯುವ ವರ್ಗದ ಮಾತಿಗೆ ‘ಜ್ವಾಲ್’ ಎಂಬ ಹೆಸರುಂಟು. 1960ರ ದಶಕದಲ್ಲಿ ಇದು ಶಿಕ್ಷಣದ ಮತ್ತು ಸಾಹಿತ್ಯದ ವಾಗ್ವಾದಕ್ಕೆ ವಸ್ತುವಾಯಿತು. 1968ರಲ್ಲಿ ರಂಗವನ್ನೇರಿದ ಮಿಶೆಲ್ ತ್ರಾಂಬ್ಲೆಯ ‘ಲೆ ಬೆಲ್ ಸರ್’ ನಾಟಕದಿಂದ ಅದಕ್ಕೆ ಸಾಹಿತ್ಯಿಕ ಮನ್ನಣೆ ದೊರೆಯಿತು.

ಅಕೇಡಿಯನ್ ಫ್ರೆಂಚ್. ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯ, ಪ್ರಿನ್ಸ್ ಎಡ್ವರ್ಡ್ ದ್ವೀಪಗಳಲ್ಲಿಯೂ ಕ್ವೆಬೆಕ್ಕಿಗೆ ಸೇರಿದ ಮ್ಯಾಗ್ಡಲೆನ್ ದ್ವೀಪಗಳಲ್ಲಿಯೂ ಆಡುವ ಪ್ರಭೇದವಿದು. ತಾಲವ್ಯ ಸ್ವರಗಳ ಮುಂದೆ ಬರುವ ಕಕಾರ ಗಕಾರಗಳು ಚಕಾರ ಜಕಾರಗಳತ್ತ ಸರಿಯುವುದು ಇದರ ಧ್ವನಿಲಕ್ಷಣ. ಉತ್ತಮಪುರುಷ ಏಕವಚನದ ಸರ್ವನಾಮಕ್ಕೆ ಬಹುವಚನದ ಕ್ರಿಯಾಪ್ರತ್ಯಯವನ್ನು ಹಚ್ಚಿ ‘ನಾವು ಮಾತಾಡುತ್ತೇವೆ’ ಎಂಬುದನ್ನು ‘ಜ ಪಾರ್ಲೋಂ’ ಎನ್ನುವುದೂ, ಪ್ರಥಮಪುರುಷ ಬಹುವಚನದಲ್ಲಿ ‘ಇಲ್ ಪಾರ್ಲೋಂ’ ಎಂಬ ಸ್ಫುಟವಾದ ಪ್ರತ್ಯಯವನ್ನು ಉಳಿಸಿಕೊಂಡಿರುವುದೂ, ನೋವಾ ಸ್ಕೋಷಿಯದ ಸೇಂಟ್ ಮೇರಿ ಕೊಲ್ಲಿಯ ಹಳ್ಳಿಗಳಲ್ಲಿ ಫ್ರಾನ್ಸಿನ ಆಡುಮಾತಿನಿಂದ ಅಳಿದುಹೋದ ಒಂದು ಭೂತಕಾಲರೂಪ ಇನ್ನೂ ಬಳಕೆಯಲ್ಲಿರುವುದೂ ಇದರ ಪ್ರಾಚೀನತೆಗೆ ಸಾಕ್ಷಿ. ಮೀನುಗಾರಿಕೆಯೇ ಜೀವನಾಧಾರವಾಗಿದ್ದುದರಿಂದ ಹಡಗಿಗೆ ಸಂಬಂಧಿಸಿದ ಕ್ರಿಯಾಪದಗಳು ನೆಲದ ಮೇಲಿನ ವ್ಯವಹಾರಕ್ಕೂ ವ್ಯಾಪಿಸಿವೆ. ದೋಣಿಯನ್ನು ದಡಕ್ಕೆ ಬಿಗಿಯುವ ‘ಅಮಾರೆ’ ಎಂಬುದು ಯಾವುದನ್ನು ಕಟ್ಟುವುದಕ್ಕೂ ಸಲ್ಲುತ್ತದೆ.

ನ್ಯೂ ಬ್ರನ್ಸ್‌ವಿಕ್ಕಿನ ಆಗ್ನೇಯದಲ್ಲಿ, ಮಾಂಕ್ಟನ್ ನಗರದ ಸುತ್ತ, ಫ್ರೆಂಚಿನ ವ್ಯಾಕರಣದ ಚೌಕಟ್ಟಿನೊಳಗೆ ಇಂಗ್ಲಿಷ್ ಕ್ರಿಯಾಪದ ನಾಮಪದಗಳನ್ನು ಧಾರಾಳವಾಗಿ ಹೆಣೆಯುವ ‘ಶಿಯಾಕ್’ ಎಂಬ ನುಡಿ ಬಳಕೆಯಲ್ಲಿದೆ. ವಾಯವ್ಯದ ಮದವಾಸ್ಕಾ ಸೀಮೆಯ ‘ಬ್ರೇಯೋನ್’ ಮಾತು ಅಕೇಡಿಯನ್ ಮತ್ತು ಲಾರೆನ್ಶಿಯನ್ ಪ್ರಭೇದಗಳ ನಡುವಣ ಸಂಧಿರೂಪ. ಅಕೇಡಿಯನ್ ಲೇಖಕಿ ಆಂತೋನಿನ್ ಮಯೆ 1979ರಲ್ಲಿ ಫ್ರಾನ್ಸಿನ ಗೊಂಕೂರ್ ಪಾರಿತೋಷಕವನ್ನು ಪಡೆದುದರಿಂದ ಈ ಪ್ರಭೇದದ ಕೀರ್ತಿ ದೇಶದ ಹೊರಗೂ ಹಬ್ಬಿತು.

ಒಂಟಾರಿಯೊ ಮತ್ತು ಪಶ್ಚಿಮದ ಪ್ರಭೇದಗಳು. ಇವು ಮೂಲತಃ ಲಾರೆನ್ಶಿಯನ್ ಆದರೂ, ಫ್ರೆಂಚ್ ಭಾಷಿಕರು ಅಲ್ಪಸಂಖ್ಯಾತರಾಗಿರುವ ಊರುಗಳಲ್ಲಿ ಮನೆಯ ಭಾಷೆ ಒಂದು, ಕೆಲಸದ ಭಾಷೆ ಮತ್ತೊಂದು ಆಗಿರುವುದರಿಂದ ಸಂಪರ್ಕಜನ್ಯವಾದ ಮಾರ್ಪಾಡುಗಳು ಹೆಚ್ಚು. ಫ್ರೆಂಚ್ ಭಾಷಿಕರೇ ಬಹುಸಂಖ್ಯಾತರಾಗಿರುವ ಒಂಟಾರಿಯೊದ ಹರ್ಸ್ಟ್ ಪಟ್ಟಣದ ಮಾತು ಕ್ವೆಬೆಕ್ಕಿನದಕ್ಕೆ ಸಮೀಪವಾಗಿ ಉಳಿದಿದೆ. ಮ್ಯಾನಿಟೋಬದ ಸೇಂಟ್ ಬಾನಿಫೇಸ್ ಪಶ್ಚಿಮದ ಫ್ರೆಂಚ್ ಜೀವನದ ಪ್ರಧಾನ ಕೇಂದ್ರ. ಮೂಲನಿವಾಸಿಗಳ ಮತ್ತು ಯೂರೋಪಿನವರ ಮಿಶ್ರಸಂತತಿಯಾದ ಮೆಟಿ ಜನಾಂಗದ ‘ಮಿಚಿಫ್’ ಎಂಬುದು ಮೂಲನಿವಾಸಿಗಳ ಕ್ರೀ ಭಾಷೆಯ ಕ್ರಿಯಾಪದಗಳನ್ನೂ ಫ್ರೆಂಚಿನ ನಾಮಪದಗಳನ್ನೂ ಬೆಸೆದುಕೊಂಡ ಸ್ವತಂತ್ರ ಮಿಶ್ರಭಾಷೆಯಾಗಿರುವುದರಿಂದ ಅದನ್ನು ಫ್ರೆಂಚಿನ ಪ್ರಭೇದವೆಂದು ಗಣಿಸತಕ್ಕುದಲ್ಲ.

ಮಾನಕ ರೂಪ. 1961ರಲ್ಲಿ ಕ್ವೆಬೆಕ್ ಸರ್ಕಾರ ಸ್ಥಾಪಿಸಿದ ಫ್ರೆಂಚ್ ಭಾಷಾ ಕಚೇರಿಯೂ 1934ರಲ್ಲಿ ಏರ್ಪಟ್ಟ ಒಕ್ಕೂಟ ಸರ್ಕಾರದ ಅನುವಾದ ಕಚೇರಿಯೂ ಪರಿಭಾಷೆಯನ್ನು ನಿರ್ಧರಿಸುವ ಎರಡು ಮುಖ್ಯ ಸಂಸ್ಥೆಗಳು. ಹುದ್ದೆಗಳ ಹೆಸರುಗಳಿಗೆ ಸ್ತ್ರೀಲಿಂಗರೂಪಗಳನ್ನು ಬಳಸಬೇಕೆಂದು ಕ್ವೆಬೆಕ್ಕಿನ ಕಚೇರಿ 1979ರಲ್ಲಿಯೇ ಶಿಫಾರಸು ಮಾಡಿತು. ಪ್ಯಾರಿಸಿನ ಫ್ರೆಂಚ್ ಅಕಾಡೆಮಿ ಅದನ್ನು ಅಂಗೀಕರಿಸಿದುದು 2019ರಲ್ಲಿ. ಆಡಳಿತ ಪರಿಭಾಷೆಯಲ್ಲಿಯೂ ಕೆನಡಾದ ಹಾದಿ ಪ್ರತ್ಯೇಕ: ಇಲಾಖೆಯ ಅತ್ಯುನ್ನತ ಅಧಿಕಾರಿಗೆ ಸಲ್ಲುವ ‘ಸೂ ಮಿನಿಸ್ತ್ರ್’ ಎಂಬ ಪದನಾಮವನ್ನು ಫ್ರಾನ್ಸಿನಿಂದ ಬಂದವನೂ ಹೊಸದಾಗಿ ಕಲಿಯಬೇಕಾಗುತ್ತದೆ.

ದ್ವಿಭಾಷಾ ಆಡಳಿತದ ಕಾನೂನು

1867ರ ಸಂವಿಧಾನ ಶಾಸನದ 133ನೆಯ ವಿಧಿ ಒಕ್ಕೂಟದ ಪಾರ್ಲಿಮೆಂಟಿನಲ್ಲಿಯೂ ನ್ಯಾಯಾಲಯಗಳಲ್ಲಿಯೂ ಎರಡು ಭಾಷೆಗಳ ಬಳಕೆಗೆ ಅವಕಾಶವಿತ್ತಿತೇ ಹೊರತು ಸರ್ಕಾರಿ ಕಚೇರಿಗಳ ಭಾಷೆಯನ್ನು ಕುರಿತು ಏನನ್ನೂ ಹೇಳಲಿಲ್ಲ. ಅಂಚೆಚೀಟಿಗಳು ದ್ವಿಭಾಷೆಯಲ್ಲಿ ಅಚ್ಚಾದುದು 1927ರಲ್ಲಿ. ಪಾರ್ಲಿಮೆಂಟಿನ ಕೆಳಮನೆಯಲ್ಲಿ ಭಾಷಣಗಳ ಏಕಕಾಲಿಕ ಅನುವಾದ ಆರಂಭವಾದುದು 1959ರಲ್ಲಿ. ಈ ದೀರ್ಘಾವಧಿಯಲ್ಲಿ ಒಕ್ಕೂಟದ ಕಚೇರಿಗಳ ಆಂತರಿಕ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿಯೇ ನಡೆದು, ಮೇಲಿನ ಹುದ್ದೆಗಳಲ್ಲಿ ಫ್ರೆಂಚ್ ಭಾಷಿಕರು ವಿರಳವಾಗಿದ್ದರು.

1963ರಲ್ಲಿ ಆಂದ್ರೆ ಲೊರಾಂದೊ ಮತ್ತು ಡೇವಿಡ್‌ಸನ್ ಡಂಟನ್ ಇವರ ಜಂಟಿ ಅಧ್ಯಕ್ಷತೆಯಲ್ಲಿ ನೇಮಕವಾದ ದ್ವಿಭಾಷೆ ಮತ್ತು ದ್ವಿಸಂಸ್ಕೃತಿಗಳ ರಾಯಲ್ ಆಯೋಗವು ಈ ಅಸಮತೆಯನ್ನು ವಿಸ್ತಾರವಾಗಿ ದಾಖಲಿಸಿತು. 1966ರಲ್ಲಿ ಪ್ರಧಾನಿ ಲೆಸ್ಟರ್ ಪಿಯರ್ಸನ್ ಸರ್ಕಾರಿ ಸೇವೆಯಲ್ಲಿ ದ್ವಿಭಾಷೆಯ ನೀತಿಯನ್ನು ಪಾರ್ಲಿಮೆಂಟಿನಲ್ಲಿ ಘೋಷಿಸಿದರು. ಪಿಯೆರ್ ಟ್ರೂಡೊ ಪ್ರಧಾನಿಯಾಗಿದ್ದಾಗ 1969ರ ಅಧಿಕೃತ ಭಾಷೆಗಳ ಶಾಸನವು ಜಾರಿಗೆ ಬಂದು, ಅದರ ಪಾಲನೆಯನ್ನು ನೋಡಿಕೊಳ್ಳಲು ಪಾರ್ಲಿಮೆಂಟಿಗೆ ನೇರವಾಗಿ ಉತ್ತರವಾದಿಯಾದ ಆಯುಕ್ತರ ಹುದ್ದೆ ಸೃಷ್ಟಿಯಾಯಿತು. 1973ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ನಿರ್ಣಯವು, ನೌಕರರು ತಮಗೆ ಇಷ್ಟವಾದ ಅಧಿಕೃತ ಭಾಷೆಯಲ್ಲಿ ಕೆಲಸಮಾಡಬಹುದೆಂಬ ತತ್ತ್ವವನ್ನೂ, ಪ್ರತಿಯೊಂದು ಹುದ್ದೆಗೂ ಭಾಷಾ ಅಗತ್ಯವನ್ನು ಗೊತ್ತುಪಡಿಸಬೇಕೆಂಬ ಪದ್ಧತಿಯನ್ನೂ ದೃಢಪಡಿಸಿತು.

1982ರ ಹಕ್ಕುಗಳ ಸನ್ನದಿನ 16ರಿಂದ 22ರವರೆಗಿನ ವಿಧಿಗಳು ಈ ವ್ಯವಸ್ಥೆಗೆ ಸಾಂವಿಧಾನಿಕ ಬಲವನ್ನಿತ್ತವು. ಅದಕ್ಕನುಗುಣವಾಗಿ 1988ರಲ್ಲಿ ರಚಿತವಾದ ಹೊಸ ಶಾಸನದಲ್ಲಿ ನಾಲ್ಕನೆಯ ಭಾಗ ಸಾರ್ವಜನಿಕರಿಗೆ ಸಲ್ಲಬೇಕಾದ ಸೇವೆಯನ್ನೂ, ಐದನೆಯ ಭಾಗ ಕೆಲಸದ ಭಾಷೆಯನ್ನೂ, ಆರನೆಯ ಭಾಗ ಎರಡು ಭಾಷಿಕವರ್ಗಗಳ ಸಮುಚಿತ ಪಾಲ್ಗೊಳ್ಳುವಿಕೆಯನ್ನೂ ಕುರಿತಿವೆ. 91ನೆಯ ವಿಧಿಯ ಪ್ರಕಾರ ಹುದ್ದೆಯ ಕರ್ತವ್ಯಕ್ಕೆ ವಸ್ತುತಃ ಅಗತ್ಯವಿದ್ದ ಹೊರತು ಭಾಷಾ ಅರ್ಹತೆಯನ್ನು ವಿಧಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 1999ರ ಬೋಲಾಕ್ ಪ್ರಕರಣದಲ್ಲಿಯೂ 2009ರ ದೆರೋಶೆ ಪ್ರಕರಣದಲ್ಲಿಯೂ, ಭಾಷಾ ಸಮಾನತೆಯೆಂದರೆ ಬರಿಯ ಔಪಚಾರಿಕ ಸಮಾನತೆಯಲ್ಲ, ವಾಸ್ತವಿಕ ಸಮಾನತೆಯೆಂದು ತೀರ್ಪಿತ್ತಿತು.

ಹುದ್ದೆಗಳ ವರ್ಗೀಕರಣ

ಒಕ್ಕೂಟದ ಸರ್ಕಾರಿ ಸೇವೆಯ ಪ್ರತಿಯೊಂದು ಹುದ್ದೆಯೂ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ: ಇಂಗ್ಲಿಷ್ ಅಗತ್ಯ, ಫ್ರೆಂಚ್ ಅಗತ್ಯ, ಎರಡರಲ್ಲಿ ಯಾವುದಾದರೊಂದು ಅಗತ್ಯ, ದ್ವಿಭಾಷಾ. ಸುಮಾರು ಅರ್ಧದಷ್ಟು ಹುದ್ದೆಗಳು ಮೊದಲ ವರ್ಗಕ್ಕೂ, ಐದರಲ್ಲಿ ಎರಡಕ್ಕಿಂತ ತುಸು ಹೆಚ್ಚು ದ್ವಿಭಾಷಾ ವರ್ಗಕ್ಕೂ ಸೇರಿವೆ. ಸಾರ್ವಜನಿಕರಿಗೆ ಎರಡು ಭಾಷೆಗಳಲ್ಲಿ ಸೇವೆ ಸಲ್ಲಿಸಬೇಕಾದ ಕಚೇರಿಗಳಲ್ಲಿಯೂ, ಎರಡು ಭಾಷೆಗಳ ನೌಕರರನ್ನು ನಿರ್ವಹಿಸಬೇಕಾದ ಮೇಲ್ವಿಚಾರಕ ಸ್ಥಾನಗಳಲ್ಲಿಯೂ ದ್ವಿಭಾಷಾ ಹುದ್ದೆಗಳು ವಿಶೇಷವಾಗಿ ಕಂಡುಬರುತ್ತವೆ.

ಕೆಲಸದ ಭಾಷೆಯ ಹಕ್ಕು ದೇಶದಾದ್ಯಂತ ಅನ್ವಯಿಸುವುದಿಲ್ಲ. ಒಟ್ಟಾವಾ ಮತ್ತು ಗ್ಯಾಟಿನೋಗಳನ್ನೊಳಗೊಂಡ ರಾಷ್ಟ್ರ ರಾಜಧಾನಿ ಪ್ರದೇಶ, ಇಡೀ ನ್ಯೂ ಬ್ರನ್ಸ್‌ವಿಕ್, ಮಾಂಟ್ರಿಯಲ್ ಪ್ರದೇಶ, ಒಂಟಾರಿಯೊದ ಪೂರ್ವ ಹಾಗೂ ಉತ್ತರದ ಕೆಲವು ಭಾಗಗಳು, ಕ್ವೆಬೆಕ್ಕಿನ ಪೂರ್ವ ಪಟ್ಟಣಸೀಮೆ, ಗ್ಯಾಸ್ಪೆ ಮತ್ತು ಪಶ್ಚಿಮದ ಕೆಲವು ಭಾಗಗಳು ಈ ಉದ್ದೇಶಕ್ಕಾಗಿ ದ್ವಿಭಾಷಾ ಪ್ರದೇಶಗಳೆಂದು ನಿರ್ದಿಷ್ಟವಾಗಿವೆ.

ದ್ವಿಭಾಷಾ ಹುದ್ದೆಯ ನೇಮಕವು ಎರಡು ವಿಧ. ‘ಕಡ್ಡಾಯ’ ನೇಮಕದಲ್ಲಿ ಅಭ್ಯರ್ಥಿಯು ಹುದ್ದೆಗೆ ಸೇರುವ ಮೊದಲೇ ನಿಗದಿತ ಮಟ್ಟವನ್ನು ಮುಟ್ಟಿರತಕ್ಕದ್ದು. ‘ಕಡ್ಡಾಯವಲ್ಲದ’ ನೇಮಕದಲ್ಲಿ ಆತನು ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ತರಬೇತಿ ಪಡೆದು ಆ ಮಟ್ಟವನ್ನು ಮುಟ್ಟುವುದಾಗಿ ಒಪ್ಪಿಕೊಳ್ಳುತ್ತಾನೆ.

ಪರೀಕ್ಷೆ ಮತ್ತು ಮಟ್ಟಗಳು

ದ್ವಿತೀಯ ಭಾಷೆಯ ಪರೀಕ್ಷೆಯ ಹೊಣೆ ಸರ್ಕಾರಿ ಸೇವಾ ಆಯೋಗದ್ದು. ಓದಿ ಗ್ರಹಿಸುವುದು, ಬರೆಯುವುದು, ಮಾತನಾಡುವುದು ಈ ಮೂರು ಕೌಶಲಗಳನ್ನು ಬೇರೆಬೇರೆಯಾಗಿ ಅಳೆದು ಒಂದೊಂದಕ್ಕೂ ಎ, ಬಿ, ಸಿ ಎಂಬ ಏರುಕ್ರಮದ ಮಟ್ಟವನ್ನು ನೀಡಲಾಗುತ್ತದೆ. ಮುಂದೆ ಪರೀಕ್ಷೆಯೇ ಬೇಡವೆನ್ನುವಷ್ಟು ಪ್ರೌಢಿಮೆಯುಳ್ಳವರಿಗೆ ‘ಇ’ ಎಂಬ ವಿನಾಯಿತಿಯುಂಟು. ಅನುವಾದದಂಥ ವಿಶೇಷ ಭಾಷಾಕೌಶಲದ ಕೆಲಸಗಳಿಗೆ ‘ಪಿ’ ಎಂಬ ಸಂಕೇತವಿದೆ. ಉದ್ಯೋಗ ಪ್ರಕಟಣೆಯಲ್ಲಿ ಕಾಣುವ ‘ಸಿಬಿಸಿ/ಸಿಬಿಸಿ, ಕಡ್ಡಾಯ’ ಎಂಬ ಒಕ್ಕಣೆಯನ್ನು ಬಿಡಿಸಿದರೆ, ಓದಿನಲ್ಲಿ ಸಿ, ಬರವಣಿಗೆಯಲ್ಲಿ ಬಿ, ಮಾತಿನಲ್ಲಿ ಸಿ ಎಂಬ ಅರ್ಥ ಬರುತ್ತದೆ. ಓರೆಗೆರೆಯ ಎಡಗಡೆಯದು ಇಂಗ್ಲಿಷ್ ದ್ವಿತೀಯ ಭಾಷೆಯಾಗಿರುವವರಿಗೆ, ಬಲಗಡೆಯದು ಫ್ರೆಂಚ್ ದ್ವಿತೀಯ ಭಾಷೆಯಾಗಿರುವವರಿಗೆ ಅನ್ವಯಿಸತಕ್ಕದ್ದು. ಫ್ರೆಂಚ್ ಮಾತೃಭಾಷೆಯವರೂ ಇಂಗ್ಲಿಷಿನಲ್ಲಿ ಇದೇ ಬಗೆಯ ಪರೀಕ್ಷೆಗೆ ಒಳಗಾಗುತ್ತಾರೆ.

ಮಾತಿನ ಮಟ್ಟಗಳು ಕಾರ್ಯಸಾಮರ್ಥ್ಯವನ್ನು ಆಧರಿಸಿ ನಿರೂಪಿತವಾಗಿವೆ. ಎ ಮಟ್ಟದವನು ನಿತ್ಯದ ಸರಳ ಪ್ರಶ್ನೆಗಳನ್ನು ಕೇಳಿ ಉತ್ತರಿಸಬಲ್ಲನು. ಬಿ ಮಟ್ಟದವನು ಮೂರ್ತವಾದ ವಿಷಯಗಳ ಮೇಲೆ ಸಂಭಾಷಣೆಯನ್ನು ನಡೆಸಿ, ನಡೆದ ಸಂಗತಿಯನ್ನು ವರದಿ ಮಾಡಿ, ನೇರವಾದ ಸೂಚನೆಗಳನ್ನು ನೀಡಬಲ್ಲನು. ಸಿ ಮಟ್ಟದವನು ಅಭಿಪ್ರಾಯವನ್ನು ಸಮರ್ಥಿಸಿ, ‘ಹೀಗಾಗಿದ್ದರೆ ಹೀಗಾಗುತ್ತಿತ್ತು’ ಎಂಬಂಥ ಊಹಾತ್ಮಕ ಹಾಗೂ ಷರತ್ತಿನ ವಿಚಾರಗಳನ್ನು ಅರಿತು ವ್ಯಕ್ತಪಡಿಸಬಲ್ಲವನಾಗಿರಬೇಕು. ಪರೀಕ್ಷೆಯ ಫಲಿತಾಂಶ ಐದು ವರ್ಷಗಳವರೆಗೆ ಊರ್ಜಿತ.

ದ್ವಿಭಾಷಾ ಹುದ್ದೆಯ ಅರ್ಹತೆಯನ್ನು ಪೂರೈಸಿದ ನೌಕರರಿಗೆ ವರ್ಷಕ್ಕೆ 800 ಡಾಲರುಗಳ ಭತ್ಯೆಯನ್ನು 1977ರಲ್ಲಿ ಗೊತ್ತುಮಾಡಲಾಯಿತು. ಅದರ ಮೊತ್ತ ಅಂದಿನಿಂದ ಏರಿಲ್ಲ. ಉನ್ನತ ಕಾರ್ಯನಿರ್ವಾಹಕ ವರ್ಗದ ಅಧಿಕಾರಿಗಳಿಗೆ ಈ ಭತ್ಯೆ ಇಲ್ಲ.

ಕೆನಡಾಕ್ಕೆ ವಲಸೆಹೋಗಲು ಬಯಸುವವರು ಬರೆಯುವ ಟೆಫ್ ಕೆನಡಾ, ಟಿಸಿಎಫ್ ಕೆನಡಾ ಎಂಬ ಫ್ರೆಂಚ್ ಪರೀಕ್ಷೆಗಳು ಸರ್ಕಾರಿ ಸೇವಾ ಆಯೋಗದ ಪರೀಕ್ಷೆಯಿಂದ ಭಿನ್ನವಾದವು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಂಸ್ಥೆಗಳಲ್ಲಿ ಫ್ರೆಂಚ್ ಕಲಿತು ಕನ್ನಡಿಗರೂ ಎದುರಿಸುವ ಈ ಪರೀಕ್ಷೆಗಳ ಅಂಕ ವಲಸೆಯ ಅರ್ಜಿಗೆ ಸಲ್ಲುತ್ತದೆಯೇ ಹೊರತು, ಸರ್ಕಾರಿ ಸೇವಾ ಆಯೋಗದ ಪರೀಕ್ಷೆಗೆ ಬದಲಾಗಿ ಸಲ್ಲುವುದಿಲ್ಲ.

ಕಚೇರಿಯಲ್ಲಿ ಪ್ರಾದೇಶಿಕ ಭೇದ

ಸಾರ್ವಜನಿಕರನ್ನು ಮೊದಲ ಮಾತಿನಲ್ಲಿಯೇ ಎರಡು ಭಾಷೆಗಳಲ್ಲಿ ಎದುರುಗೊಂಡು, ಅವರು ತಮಗೆ ಬೇಕಾದುದನ್ನು ಆರಿಸಿಕೊಳ್ಳುವ ಅವಕಾಶವನ್ನು ಕಚೇರಿಯೇ ಮುಂದಾಗಿ ತಿಳಿಸುವ ಕ್ರಮಕ್ಕೆ ‘ಸಕ್ರಿಯ ನೀಡಿಕೆ’ ಎಂದು ಹೆಸರು. 1988ರ ಶಾಸನದ 28ನೆಯ ವಿಧಿ ಅದನ್ನು ಕಡ್ಡಾಯಗೊಳಿಸಿದೆ. ಸೇವಾ ಕೇಂದ್ರದ ಕಿಟಕಿಯಲ್ಲಿ ಕುಳಿತ ಗುಮಾಸ್ತನು ‘ಹಲೋ, ಬೋಂಜೂರ್’ ಎಂದೊಡನೆ ಎದುರಿನವನು ಫ್ರೆಂಚಿನಲ್ಲಿ ಉತ್ತರಿಸಿದರೆ ಮುಂದಣ ಮಾತೆಲ್ಲ ಅದರಲ್ಲಿಯೇ ಸಾಗತಕ್ಕದ್ದು. ಪ್ರಾದೇಶಿಕ ಭೇದವು ಆಡಳಿತವನ್ನು ಮುಟ್ಟುವುದು ಮುಖ್ಯವಾಗಿ ಈ ಸಂಧಿಯಲ್ಲಿ: ತರಗತಿಯಲ್ಲಿ ಮಾನಕ ಫ್ರೆಂಚನ್ನು ಕಲಿತು ಸಿ ಮಟ್ಟವನ್ನು ಗಳಿಸಿದ ಅಧಿಕಾರಿಗೂ ಸಂಧ್ಯಕ್ಷರಗಳಿಂದ ತುಂಬಿದ ಕ್ವೆಬೆಕ್ಕಿನ ಸಗ್ನೆ ಸೀಮೆಯ ಮಾತು, ಇಂಗ್ಲಿಷ್ ಕ್ರಿಯಾಪದಗಳು ಹೆಣೆದುಕೊಂಡ ಮಾಂಕ್ಟನ್ನಿನ ಮಾತು, ಇವುಗಳನ್ನು ದೂರವಾಣಿಯಲ್ಲಿ ಗ್ರಹಿಸಲು ಪ್ರತ್ಯೇಕ ಅಭ್ಯಾಸ ಬೇಕಾಗುತ್ತದೆ. ಅನ್ಯಪ್ರಾಂತ್ಯದ ಉಚ್ಚಾರಣೆಯುಳ್ಳವನೆಂಬ ಕಾರಣದಿಂದ ಸೇವೆಯನ್ನು ನಿರಾಕರಿಸಲು ಶಾಸನದಲ್ಲಿ ಅವಕಾಶವಿಲ್ಲ.

ಬರವಣಿಗೆಯಲ್ಲಿ ಈ ಸಮಸ್ಯೆ ಅಲ್ಪ. ಪತ್ರ, ಸುತ್ತೋಲೆ, ನಿಯಮಾವಳಿಗಳು ಮಾನಕ ಫ್ರೆಂಚಿನಲ್ಲಿ ಕೆನಡಾದ ಪರಿಭಾಷೆಯೊಡನೆ ರಚಿತವಾಗುತ್ತವೆ. ಒಕ್ಕೂಟದ ಅನುವಾದ ಕಚೇರಿಯ ‘ಟರ್ಮಿಯಂ’ ಪದಸಂಗ್ರಹ ಅದಕ್ಕೆ ಆಧಾರ. ಮಾತಿನಲ್ಲಿಯಾದರೋ ಭೇದದ ಅರಿವು ನೌಕರರ ಮನಸ್ಸಿನ ಮೇಲೂ ಪರಿಣಾಮವನ್ನು ಬೀರುತ್ತದೆ. ಅಧಿಕೃತ ಭಾಷೆಗಳ ಆಯುಕ್ತರ ಕಚೇರಿ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ವಿಚಾರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ‘ಭಾಷಾ ಅಭದ್ರತೆ’ ಎಂಬ ಈ ಸ್ಥಿತಿಯನ್ನು ಪರಿಶೀಲಿಸಿತು. ಫ್ರೆಂಚನ್ನು ದ್ವಿತೀಯ ಭಾಷೆಯಾಗಿ ಕಲಿತವರು ಅದನ್ನು ಬಳಸಲು ಹಿಂಜರಿಯುವುದೂ, ಫ್ರೆಂಚ್ ಮಾತೃಭಾಷೆಯವರು ಸಭೆಗಳಲ್ಲಿ ಇಂಗ್ಲಿಷಿಗೆ ಹೊರಳುವುದೂ ಅದರಲ್ಲಿ ನಿರೂಪಿತವಾಗಿವೆ.

ಪ್ರಾಂತ್ಯಗಳ ಸೇವೆ

ಪ್ರಾಂತೀಯ ಸರ್ಕಾರಗಳ ಹುದ್ದೆಗಳಿಗೆ ಒಕ್ಕೂಟದ ಶಾಸನ ಅನ್ವಯಿಸುವುದಿಲ್ಲ. ಕ್ವೆಬೆಕ್ಕಿನಲ್ಲಿ 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ ಆಡಳಿತದ ಭಾಷೆ ಫ್ರೆಂಚ್ ಒಂದೇ. 2022ರ ತಿದ್ದುಪಡಿಯು ಅದನ್ನು ಇನ್ನಷ್ಟು ಬಿಗಿಗೊಳಿಸಿ, ಹುದ್ದೆಗೆ ಅನ್ಯಭಾಷೆಯ ಜ್ಞಾನವನ್ನು ಕೇಳುವವರು ಅದರ ಅಗತ್ಯವನ್ನು ಸ್ಥಾಪಿಸಬೇಕೆಂಬ ನಿಯಮವನ್ನು ಬಲಪಡಿಸಿತು. ನ್ಯೂ ಬ್ರನ್ಸ್‌ವಿಕ್ ಕೆನಡಾದಲ್ಲಿ ಅಧಿಕೃತವಾಗಿ ದ್ವಿಭಾಷೆಯುಳ್ಳ ಏಕೈಕ ಪ್ರಾಂತ್ಯ. ಅಲ್ಲಿಯ ಭಾಷಾಶಾಸನವೂ 1969ರದೇ, ಮತ್ತು ಎರಡು ಭಾಷಿಕ ಸಮುದಾಯಗಳ ಸಮಾನತೆಯನ್ನು 1993ರಲ್ಲಿ ಹಕ್ಕುಗಳ ಸನ್ನದಿಗೆ ಸೇರಿಸಲಾಯಿತು. ಒಂಟಾರಿಯೊದಲ್ಲಿ 1986ರ ಫ್ರೆಂಚ್ ಭಾಷಾ ಸೇವೆಗಳ ಶಾಸನವು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಫ್ರೆಂಚ್ ಸೇವೆಯ ಹಕ್ಕನ್ನು ಕೊಟ್ಟಿದೆ. 1890ರಲ್ಲಿ ಮ್ಯಾನಿಟೋಬ ಪ್ರಾಂತ್ಯವು ತೆಗೆದುಹಾಕಿದ್ದ ಫ್ರೆಂಚಿನ ಅಧಿಕೃತ ಸ್ಥಾನವನ್ನು ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಪುನಃಸ್ಥಾಪಿಸಿತು.

ವಾದವಿವಾದಗಳು

1976ರಲ್ಲಿ ಕ್ವೆಬೆಕ್ಕಿನ ಆಕಾಶದಲ್ಲಿ ವಿಮಾನ ಸಂಚಾರ ನಿಯಂತ್ರಣಕ್ಕೆ ಫ್ರೆಂಚನ್ನೂ ಬಳಸುವ ಪ್ರಶ್ನೆಯ ಮೇಲೆ ವಿಮಾನಚಾಲಕರು ಮುಷ್ಕರ ಹೂಡಿದರು; ಸುರಕ್ಷತೆಗೆ ಬಾಧಕವಿಲ್ಲವೆಂದು ವಿಚಾರಣಾ ಆಯೋಗವು 1979ರಲ್ಲಿ ವರದಿಮಾಡಿದ ಮೇಲೆ ದ್ವಿಭಾಷಾ ನಿಯಂತ್ರಣ ಜಾರಿಗೆ ಬಂದಿತು. 2011ರಲ್ಲಿ ಫ್ರೆಂಚ್ ಬಾರದವರೊಬ್ಬರು ಮಹಾಲೇಖಪಾಲರಾಗಿ ನೇಮಕವಾದುದು ಆಕ್ಷೇಪಕ್ಕೆ ಗುರಿಯಾಗಿ, ಪಾರ್ಲಿಮೆಂಟಿಗೆ ಉತ್ತರವಾದಿಗಳಾದ ಹತ್ತು ಉನ್ನತ ಹುದ್ದೆಗಳಿಗೆ ನೇಮಕವಾಗುವವರು ನೇಮಕದ ವೇಳೆಗೇ ಎರಡು ಭಾಷೆಗಳನ್ನೂ ಬಲ್ಲವರಾಗಿರಬೇಕೆಂಬ ಶಾಸನ 2013ರಲ್ಲಿ ಅಂಗೀಕೃತವಾಯಿತು. 2021ರಲ್ಲಿ ಗವರ್ನರ್ ಜನರಲ್ ಆದ ಮೇರಿ ಸೈಮನ್ ಇಂಗ್ಲಿಷ್ ಮತ್ತು ಇನುಕ್ಟಿಟುಟ್ ಭಾಷೆಗಳನ್ನು ಬಲ್ಲವರಾಗಿದ್ದು ಫ್ರೆಂಚನ್ನು ಅರಿಯದಿದ್ದುದರಿಂದ, ಮೂಲನಿವಾಸಿಗಳ ಭಾಷೆಗಳಿಗೂ ದ್ವಿಭಾಷಾ ನೀತಿಗೂ ಇರಬೇಕಾದ ಸಂಬಂಧವು ಚರ್ಚೆಗೆ ಬಂದಿತು. ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿಯ ದ್ವಿಭಾಷಾ ಅರ್ಹತೆಯು 2018ರ ಸುಮಾರಿನಲ್ಲಿ ಚುನಾವಣೆಯ ವಿಷಯವೇ ಆಗಿತ್ತು.

ಈ ವಿವಾದಗಳ ಹಿನ್ನೆಲೆಯಲ್ಲಿ ದ್ವಿಭಾಷಾಜ್ಞಾನದ ಅಸಮ ಹಂಚಿಕೆಯಿದೆ. 2021ರ ಜನಗಣತಿಯಂತೆ ಇಂಗ್ಲಿಷ್ ಫ್ರೆಂಚ್ ಎರಡನ್ನೂ ಬಲ್ಲವರು ದೇಶದಲ್ಲಿ ಶೇಕಡ 18; ಕ್ವೆಬೆಕ್ಕಿನಲ್ಲಿ ಶೇಕಡ 46.4, ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಶೇಕಡ 34, ಕ್ವೆಬೆಕ್ಕನ್ನು ಬಿಟ್ಟು ಉಳಿದ ದೇಶದಲ್ಲಿ ಶೇಕಡ 9.5. ಆದುದರಿಂದ ದ್ವಿಭಾಷಾ ಹುದ್ದೆಗಳಿಗೆ ಸ್ಪರ್ಧಿಸುವ ಅರ್ಹತೆಯು ಈ ಎರಡು ಪ್ರಾಂತ್ಯಗಳಲ್ಲಿ ಸುಲಭಲಭ್ಯವಾಗಿಯೂ ಉಳಿದೆಡೆಗಳಲ್ಲಿ ವಿರಳವಾಗಿಯೂ ಇದೆ.

ಇಂದಿನ ಸ್ಥಿತಿ

2023ರ ಜೂನ್ 20ರಂದು ರಾಜಾನುಮತಿಯನ್ನು ಪಡೆದ ತಿದ್ದುಪಡಿ ಶಾಸನವು ಉತ್ತರ ಅಮೆರಿಕದಲ್ಲಿ ಫ್ರೆಂಚ್ ಅಲ್ಪಸಂಖ್ಯಾತ ಸ್ಥಿತಿಯಲ್ಲಿದೆ ಎಂಬುದನ್ನು ಅಂಗೀಕರಿಸಿ, ಆಯುಕ್ತರಿಗೆ ಆದೇಶ ಹೊರಡಿಸುವ ಅಧಿಕಾರವನ್ನಿತ್ತು, ಹೊಸದಾಗಿ ನೇಮಕವಾಗುವ ಇಲಾಖಾ ಮುಖ್ಯಸ್ಥರು ಎರಡು ಭಾಷೆಗಳಲ್ಲಿಯೂ ವ್ಯವಹರಿಸಲು ಬೇಕಾದ ತರಬೇತಿಯನ್ನು ಪಡೆಯಬೇಕೆಂದು ವಿಧಿಸಿತು. 2025ರ ಜೂನ್ 20ರಿಂದ ದ್ವಿಭಾಷಾ ಪ್ರದೇಶಗಳ ನೌಕರರನ್ನು ನೋಡಿಕೊಳ್ಳುವ ದ್ವಿಭಾಷಾ ಮೇಲ್ವಿಚಾರಕ ಹುದ್ದೆಗಳಿಗೆ ಸಿಬಿಸಿ ಕನಿಷ್ಠ ಮಟ್ಟವಾಗಿ ಗೊತ್ತಾಗಿದೆ. ಅದಕ್ಕೆ ಮೊದಲೇ ಹುದ್ದೆಯಲ್ಲಿದ್ದವರು ಆ ಹುದ್ದೆಯಲ್ಲಿರುವವರೆಗೆ ಹಳೆಯ ಮಟ್ಟದಲ್ಲಿಯೇ ಮುಂದುವರಿಯುತ್ತಾರೆ.

ಪ್ರಥಮ ಅಧಿಕೃತ ಭಾಷೆ ಫ್ರೆಂಚ್ ಆಗಿರುವವರು 2021ರಲ್ಲಿ ದೇಶದ ಜನಸಂಖ್ಯೆಯ ಶೇಕಡ 21.4ರಷ್ಟಿದ್ದರು, ಅವರಲ್ಲಿ ಸುಮಾರು ಹತ್ತು ಲಕ್ಷ ಮಂದಿ ಕ್ವೆಬೆಕ್ಕಿನ ಹೊರಗಿನವರು. ಶಾಲೆ, ದೂರದರ್ಶನ ಮತ್ತು ನಗರವಾಸದ ಪ್ರಭಾವದಿಂದ ಗ್ರಾಮೀಣ ಪ್ರಭೇದಗಳ ವಿಶಿಷ್ಟ ರೂಪಗಳು ಕ್ಷೀಣಿಸುತ್ತಿದ್ದರೂ, ಹೈಟಿ, ಉತ್ತರ ಆಫ್ರಿಕ ಮತ್ತು ಪಶ್ಚಿಮ ಆಫ್ರಿಕಗಳಿಂದ ಬಂದ ಫ್ರೆಂಚ್ ಭಾಷಿಕರು ಮಾಂಟ್ರಿಯಲ್ ಮತ್ತು ಒಟ್ಟಾವಾಗಳಲ್ಲಿ ನೆಲೆಸಿರುವುದರಿಂದ ಹೊಸ ಉಚ್ಚಾರಣೆಗಳು ಸೇರ್ಪಡೆಯಾಗಿವೆ; ಒಕ್ಕೂಟ ಸರ್ಕಾರದ ನೌಕರರಲ್ಲಿಯೂ ಸೇವಾರ್ಥಿಗಳಲ್ಲಿಯೂ ಈ ಹಳೆಯ ಹೊಸ ಪ್ರಭೇದಗಳೆಲ್ಲವೂ ಇಂದು ಕೇಳಿಬರುತ್ತವೆ.